ಹ್ಯಾವಲೀನಾ ಏಳುವ ಹೊತ್ತು, ಗಾಳಿ ತಿರುಗುವ ಹೊತ್ತು: ಅರಿಜೋನಾ ಬಿಲ್ಲುಬೇಟೆಯ ಟಿಪ್ಪಣಿ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಜನವರಿ ಬಂತೆಂದರೆ ಹ್ಯಾವಲೀನಾ ಎಂಬ, ಹಂದಿಯಂತೆ ಕಾಣುವ ಕಾಡುಪ್ರಾಣಿಯ ಬಿಲ್ಲುಬೇಟೆಯ ಕಾಲ. ಬಂದೂಕಿನವರ ಸರದಿ ಆಮೇಲೆ, ಫೆಬ್ರವರಿಯಲ್ಲಿ. ಪರವಾನಗಿ, ವಲಯ, ದಿನಾಂಕಗಳನ್ನು ರಾಜ್ಯದ ಗೇಮ್ ಆ್ಯಂಡ್ ಫಿಶ್ ಇಲಾಖೆಯ ಆಯಾ ವರ್ಷದ ನಿಯಮಪುಸ್ತಿಕೆಯಲ್ಲೇ ನೋಡಿಕೊಳ್ಳಿ. ಭಾರತದಲ್ಲಿ ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಳೆದ ನಮಗೆ ಬೇಟೆಯನ್ನು ಮನೆಯಲ್ಲಿ ಹೇಳಿಕೊಟ್ಟವರಿಲ್ಲ. ಇಲ್ಲಿ ನೆಲೆಸಿ ಬಿಲ್ಲು ಹಿಡಿದಿರುವ ಕನ್ನಡದವರಿಗೆ ಉಪಯೋಗವಾಗಲಿ ಎಂದು, ಕಲಿತದ್ದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಪ್ರಾಣಿ

ನೋಡಲು ಹಂದಿಯಂತಿದ್ದರೂ ಇದು ಹಂದಿಯ ಕುಟುಂಬಕ್ಕೆ ಸೇರಿದ್ದಲ್ಲ, ಪೆಕ್ಕರಿಗಳ ಕುಟುಂಬದ್ದು. ನಮ್ಮ ಕಾಡುಹಂದಿಯ ಕೋರೆ ಮೇಲಕ್ಕೆ ಬಾಗಿದರೆ ಇದರ ಮೇಲಿನ ಕೋರೆ ನೇರ ಕೆಳಕ್ಕೆ ಇಳಿಯುತ್ತದೆ. ತೂಕ ಸುಮಾರು 15ರಿಂದ 25 ಕಿಲೋ. ಗುಂಪಾಗಿ ಬಾಳುವ ಪ್ರಾಣಿ. ಕಣ್ಣು ಮಂದ, ಕಿವಿ ಪರವಾಗಿಲ್ಲ, ಮೂಗು ಮಾತ್ರ ಬಹಳ ಚುರುಕು. ಈ ಮೂರರಲ್ಲಿ ಮೂಗನ್ನು ಮರೆತವರಿಗೆ ಉಳಿದ ಎರಡರಿಂದ ಪ್ರಯೋಜನವಿಲ್ಲ.

ಮೇವಿನ ವಿಷಯದಲ್ಲಿ ಬಯಲುಸೀಮೆಯವರಿಗೆ ಒಂದು ಅನುಕೂಲವಿದೆ. ಸೊನೋರಾ ಮರುಭೂಮಿಯಲ್ಲಿ ಹ್ಯಾವಲೀನಾ ತಿನ್ನುವುದು ಪಾಪಾಸುಕಳ್ಳಿ, ಕತ್ತಾಳೆ ಜಾತಿಯ ಗಿಡಗಳು, ಗೆಡ್ಡೆಗಳು ಮತ್ತು ನಮ್ಮ ಬಳ್ಳಾರಿ ಜಾಲಿಯ ನೆಂಟನಾದ ಮೆಸ್ಕೀಟ್ ಮರದ ಕಾಯಿ. ಬೇಲಿಯಲ್ಲಿ ಕಂಡು ಬೆಳೆದ ಗಿಡಗಳೇ ಆದ್ದರಿಂದ ಗುರುತಿಗೆ ಹೊಸದಾಗಿ ಕಲಿಯುವುದು ಕಡಿಮೆ. ಕಳ್ಳಿಯ ಹಾಳೆಯನ್ನು ಹ್ಯಾವಲೀನಾ ಕಚ್ಚಿ ಎಳೆದು ಹರಿಯುತ್ತದೆ. ಹರಿದ ಅಂಚಿನಲ್ಲಿ ನಾರು ಜೋಲುತ್ತದೆ. ಇಲಿ ಕಡಿದದ್ದಾದರೆ ಅಂಚು ನೀಟಾಗಿರುತ್ತದೆ. ನಾರು ಇನ್ನೂ ಹಸಿಯಾಗಿ ಲೋಳೆ ಸೋರುತ್ತಿದ್ದರೆ ಗುಂಪು ಹತ್ತಿರದಲ್ಲೇ ಎಲ್ಲೋ ಇದೆ.

ಗಡಿಯಾರ ಬಿಟ್ಟು ಥರ್ಮಾಮೀಟರ್ ನೋಡಿ

"ನಸುಕಿನಲ್ಲೇ ಹೋಗು" ಎಂಬುದು ಬೇಟೆಯಲ್ಲಿ ಎಲ್ಲರೂ ಹೇಳುವ ಮಾತು. ಹ್ಯಾವಲೀನಾಗೆ ಅದು ಅರ್ಧವಷ್ಟೇ ನಿಜ. ಇದರ ಕೂದಲು ಒರಟು ಮತ್ತು ವಿರಳ, ಚಳಿ ತಡೆಯುವುದಿಲ್ಲ. ಕಡುಬೇಸಿಗೆಯನ್ನೂ ಮೈ ಸಹಿಸುವುದಿಲ್ಲ. ಹೀಗಾಗಿ ಮೈಯ ಶಾಖವನ್ನು ಅದು ನಡವಳಿಕೆಯಿಂದಲೇ ಸರಿಪಡಿಸಿಕೊಳ್ಳಬೇಕು: ಯಾವಾಗ ಏಳುವುದು, ಎಲ್ಲಿ ಮಲಗುವುದು, ಯಾರಿಗೆ ಒತ್ತಿಕೊಳ್ಳುವುದು.

ಕೊರೆಯುವ ಚಳಿಯ ರಾತ್ರಿ ಗುಂಪೆಲ್ಲ ಒಂದಕ್ಕೊಂದು ಅಂಟಿಕೊಂಡು ಮಲಗುತ್ತದೆ. ಬಿಸಿಲು ಮೈಗೆ ತಾಗಿದ ಮೇಲಷ್ಟೇ ಎದ್ದು, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಮೈ ಕಾಯಿಸಿಕೊಂಡು, ಆಮೇಲೆ ಮೇಯುತ್ತದೆ. ಅಂಥ ದಿನ ನಡುಹಗಲಿನಲ್ಲೂ ಓಡಾಟ ಇರುತ್ತದೆ. ಅದೇ ಬೆಟ್ಟದಲ್ಲಿ ನಾಲ್ಕು ದಿನ ಬೆಚ್ಚಗಾದರೆ ಮೇವು ಬೆಳಗಿಗೂ ಸಂಜೆಗೂ ಸರಿಯುತ್ತದೆ, ಮಧ್ಯಾಹ್ನ ಒಣಹಳ್ಳದ ನೆರಳಿನಲ್ಲಿ ಕಳೆಯುತ್ತದೆ. ಬೇಸಿಗೆಯಲ್ಲಂತೂ ರಾತ್ರಿಯೇ ಅವುಗಳ ಹಗಲು. ಜನವರಿಯ ಮೊದಲ ವಾರದಲ್ಲಿ ಹತ್ತು ಗಂಟೆಗೆ ಕಂಡ ಗುಂಪನ್ನು ತಿಂಗಳ ಕೊನೆಯಲ್ಲೂ ಹತ್ತಕ್ಕೇ ಕಾಯುವುದು ಸರಿಯಲ್ಲ. ಹಿಂದಿನ ರಾತ್ರಿ ಎಷ್ಟು ಚಳಿಯಿತ್ತು ಎಂಬುದೇ ಮೊದಲ ಪ್ರಶ್ನೆ.

ಗಾಳಿ ತಿರುಗುವ ಲೆಕ್ಕ

ನನಗೆ ಬಹಳ ದಿನ ಬಗೆಹರಿಯದೆ ಉಳಿದ ಹೆಜ್ಜೆ ಇದು. ನಿಧಾನವಾಗಿ ಬಿಡಿಸುತ್ತೇನೆ.

ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದಾಗ ಅದೇ ಗಾಳಿ ಹಗುರಾಗಿ ಮೇಲಕ್ಕೆ ಏರುತ್ತದೆ. ಬೆಳಗಿನ ಜಾವ ಪ್ರಾಣಿಗಿಂತ ಮೇಲೆ ನಿಂತವನ ವಾಸನೆ ಕೆಳಗಿಳಿದು ಅದರ ಮೂಗಿಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ಕೆಳಗೆ ನಿಂತವನ ಗತಿಯೂ ಅದೇ. ಇಷ್ಟು ಯಾರಿಗಾದರೂ ಅರ್ಥವಾಗುತ್ತದೆ.

ತೊಡಕು ಇಲ್ಲಿ: ಹ್ಯಾವಲೀನಾ ಎದ್ದು ಮೈ ಕಾಯಿಸುವುದೂ ಬಿಸಿಲು ಆ ಇಳಿಜಾರಿಗೆ ಬಿದ್ದಾಗ, ಗಾಳಿ ದಿಕ್ಕು ಬದಲಿಸುವುದೂ ಆಗಲೇ. ಎರಡಕ್ಕೂ ಕಾರಣ ಒಂದೇ ಬಿಸಿಲು. ಗುಂಪು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಇರುವ ಗಾಳಿ ನೀವು ಅಲ್ಲಿಗೆ ತಲುಪುವಾಗ ಇರುವುದಿಲ್ಲ. ದಾರಿಯನ್ನು ಈಗಿನ ಗಾಳಿಗೆ ಹೊಂದಿಸದೆ, ಇನ್ನು ಮುಕ್ಕಾಲು ಗಂಟೆಯ ನಂತರದ ಗಾಳಿಗೆ ಹೊಂದಿಸಬೇಕು.

ಇನ್ನೊಂದು ಸುತ್ತು ಬಾಕಿಯಿದೆ. ಬೈನಾಕ್ಯುಲರ್ ಹಿಡಿದು ನೀವು ಕೂರುವುದು ಎದುರು ಗುಡ್ಡದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ಉತ್ತರಕ್ಕೆ ನೋಡುತ್ತ. ಜಾಗ ಸರಿ, ಬೆಳಕೂ ಚೆನ್ನ. ಆದರೆ ನೀವು ಕೂತದ್ದು ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಚಳಿಗಾಲದಲ್ಲಿ ಅಲ್ಲಿ ಬೆಳಗೆಲ್ಲ ನೆರಳು. ನಿಮ್ಮ ಬಳಿ ಗಾಳಿ ಇನ್ನೂ ಕೆಳಗಿಳಿಯುತ್ತಿರುತ್ತದೆ, ಕಣಿವೆಯಾಚೆ ಹ್ಯಾವಲೀನಾಗಳ ಬಳಿ ಆಗಲೇ ಮೇಲೇರುತ್ತಿರುತ್ತದೆ. ಗಾಳಿಯ ದಿಕ್ಕು ನೋಡಲು ಕೂತಲ್ಲೇ ನುಣ್ಣನೆಯ ಪುಡಿ ಊದಿ "ಗಾಳಿ ಇಳಿಮುಖ, ಕೆಳಗಿನಿಂದ ಹತ್ತೋಣ" ಎಂದು ಹೊರಟರೆ ಅರ್ಧ ದಾರಿಯಲ್ಲೇ ಗುಂಪು ಚದುರುತ್ತದೆ. ಪುಡಿ ಹೇಳುವುದು ನೀವು ನಿಂತ ಜಾಗದ ಗಾಳಿಯನ್ನು ಮಾತ್ರ.

ನಾನು ನೆಚ್ಚಿಕೊಂಡಿರುವ ಸುಲಭ ದಾರಿ ಹೀಗೆ. ಎದುರು ಇಳಿಜಾರಿಗೆ ಬಿಸಿಲು ಬಿದ್ದ ಮೇಲೆ ಸ್ವಲ್ಪ ಹೊತ್ತು ಕದಲಬೇಡಿ. ಆಗ ಗಾಳಿ ಅತ್ತಿತ್ತ ತೂಗಾಡುತ್ತಿರುತ್ತದೆ, ಯಾವ ದಾರಿಯೂ ಒಳ್ಳೆಯದಲ್ಲ. ಆ ಹೊತ್ತಿನಲ್ಲಿ ಎಷ್ಟು ಪ್ರಾಣಿಗಳಿವೆ, ಯಾವ ಕಡೆ ಮೇಯುತ್ತಿವೆ ಎಂದು ಗಮನಿಸಿ. ಹೇಗೂ ಮೈ ಬಿಸಿಯಾಗುವವರೆಗೆ ಅವು ದೂರ ಹೋಗುವುದಿಲ್ಲ. ಆಮೇಲೆ ಸುತ್ತಿ ಬಂದು ಅವುಗಳ ಮಟ್ಟಕ್ಕೆ, ಅಥವಾ ತುಸು ಮೇಲಕ್ಕೆ, ಪಕ್ಕದಿಂದ ಸೇರಿ. ಬಿಸಿಲಿಗೆ ಬಂದೊಡನೆ ಪುಡಿ ಮತ್ತೆ ಊದಿ, ಆ ಉತ್ತರವನ್ನು ನಂಬಿ. ಮೋಡ ಕವಿದ ದಿನ ಈ ಲೆಕ್ಕ ನಡೆಯುವುದಿಲ್ಲ. ಜೋರು ಗಾಳಿ ಎದ್ದರೆ ಅದೇ ಎಲ್ಲವನ್ನೂ ಅಳಿಸಿಹಾಕುತ್ತದೆ.

ಬಾಣ

ಕಣ್ಣು ಮಂದವಾದ್ದರಿಂದ ಇಪ್ಪತ್ತು ಗಜದೊಳಗೆ ಸೇರಲು ಸಾಧ್ಯವಿದೆ. ಅವು ತಲೆ ತಗ್ಗಿಸಿ ಮೇಯುವಾಗ ಮಾತ್ರ ಹೆಜ್ಜೆಯಿಡಿ. ಬೆನ್ನಿನ ಬಿರುಗೂದಲು ನಿಮಿರಿದಾಗ ಮೈ ಇರುವುದಕ್ಕಿಂತ ಎತ್ತರ ಕಾಣುತ್ತದೆ, ಕಂಡ ಆಕಾರದ ನಡುವಿಗೆ ಗುರಿಯಿಟ್ಟರೆ ಬಾಣ ಮೇಲಾಗುತ್ತದೆ. ಹೃದಯ, ಶ್ವಾಸಕೋಶ ಮುಂಗಾಲಿನ ಹಿಂದೆ, ಕೆಳಭಾಗದಲ್ಲಿವೆ. ಗುರಿ ಚಿಕ್ಕದು, ಆದ್ದರಿಂದ ಪ್ರಾಣಿ ಪಕ್ಕೆ ಕಾಣುವಂತೆ ಪೂರ್ತಿ ಅಡ್ಡ ನಿಲ್ಲುವವರೆಗೆ ಬಾಣ ಬಿಡಬಾರದು. ಪ್ರಾಣಿಗೆ ನಾವು ಕೊಡಬೇಕಾದ ಕನಿಷ್ಠ ಮರ್ಯಾದೆ ಅದು. ಬೆದರಿದ ಗುಂಪು ದಿಕ್ಕು ತಿಳಿಯದೆ ನಿಮ್ಮ ಕಡೆಗೇ ಓಡಿಬರಬಹುದು, ಹಲ್ಲು ಕಟಕಟಿಸಬಹುದು. ದಾರಿ ಬಿಟ್ಟು ನಿಲ್ಲಿ.

ಬಾಲದಿಂದ ಸ್ವಲ್ಪ ಮೇಲೆ ಬೆನ್ನಿನ ನಡುವೆ ವಾಸನೆಯ ಗ್ರಂಥಿ ಇದೆ. ಅದು ಚರ್ಮದ ಜೊತೆಗೇ ಕಳಚಿ ಬರುತ್ತದೆ, ಬೇರೆಯಾಗಿ ಕೊಯ್ಯಬೇಡಿ. ಹೊರಕೂದಲು ಮುಟ್ಟಿದ ಕೈಯನ್ನೂ ಚಾಕುವನ್ನೂ ತೊಳೆಯದೆ ಮಾಂಸಕ್ಕೆ ತಾಗಿಸಬೇಡಿ.