ಮೊದಲಿನ ಹಾಗಿಲ್ಲದ ಬೆಕ್ಕು: ಕಾಯಿಲೆಯ ನಡವಳಿಕೆ ಗುರುತಿಸುವ ಟಿಪ್ಪಣಿ

ಪಶುವೈದ್ಯಕೀಯ ತರಬೇತಿಯ ನಮ್ಮ ಪಠ್ಯದಲ್ಲಿ ಹಸು, ಎಮ್ಮೆ, ಕುರಿ, ಕೋಳಿಗಳಿಗೆ ಸಿಕ್ಕಷ್ಟು ಪುಟಗಳು ಬೆಕ್ಕಿಗೆ ಸಿಕ್ಕಿಲ್ಲ. ಆದರೆ ಪಟ್ಟಣದ ಪಶು ಆಸ್ಪತ್ರೆಗೆ ತರಬೇತಿಗೆ ಹೋದವರಿಗೆ ಗೊತ್ತು, ಬುಟ್ಟಿಯಲ್ಲಿ, ಕೈಚೀಲದಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕುಗಳು ಬರುತ್ತಲೇ ಇರುತ್ತವೆ. ತಂದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ಯಾಕೋ ಮೊದಲಿನ ಹಾಗಿಲ್ಲ.” ನಾವು ಅದನ್ನು ಅಸ್ಪಷ್ಟ ದೂರು ಎಂದು ಬದಿಗಿಟ್ಟು ಥರ್ಮಾಮೀಟರ್ ಹುಡುಕುತ್ತೇವೆ. ಬೆಕ್ಕಿನ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಸುಳಿವು ಮತ್ತೊಂದಿಲ್ಲ. ಕೇಳಬೇಕಾದದ್ದು, ಮೊದಲು ಹೇಗಿತ್ತು?

ಹಸುವಿನ ಅಭ್ಯಾಸವನ್ನು ಇಲ್ಲಿಗೆ ತರಬೇಡಿ. ಹಸುವನ್ನು ದಿನಕ್ಕೆ ಎರಡು ಬಾರಿ ಕರೆಯುತ್ತೇವೆ, ಹಾಲು ಎರಡು ಲೀಟರ್ ಕಡಿಮೆಯಾದರೆ ಆ ಹೊತ್ತಿಗೇ ತಿಳಿಯುತ್ತದೆ. ಮೆಲುಕು ಹಾಕುತ್ತಿದ್ದರೆ ಅರ್ಧ ಸಮಾಧಾನ. ಬೆಕ್ಕು ಅಂಥ ಲೆಕ್ಕ ಯಾವುದನ್ನೂ ಕೊಡುವುದಿಲ್ಲ. ಅದು ಒಂಟಿಯಾಗಿ ಬೇಟೆಯಾಡುವ ಪ್ರಾಣಿ, ಜೊತೆಗೆ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆ. ಹುಷಾರಿಲ್ಲವೆಂದು ತೋರಿಸಿಕೊಂಡರೆ ನೋಡಿಕೊಳ್ಳುವ ಹಿಂಡು ಅದಕ್ಕಿಲ್ಲ. ಆದ್ದರಿಂದ ನರಳುವುದಕ್ಕಿಂತ ಅಡಗಿಕೊಳ್ಳುವುದು ಹೆಚ್ಚು.

ಈ ಕಾರಣಕ್ಕೆ “ವಿಚಿತ್ರ ವರ್ತನೆ” ಎಂದರೆ ಕುಣಿದಾಟ, ಕಿರುಚಾಟ ಎಂದುಕೊಂಡರೆ ಎಡವುತ್ತೇವೆ. ಕಾಯಿಲೆಯ ಬೆಕ್ಕು ಹೆಚ್ಚಾಗಿ ಹೊಸದೇನನ್ನೂ ಮಾಡುವುದಿಲ್ಲ, ಮಾಡುತ್ತಿದ್ದುದನ್ನು ನಿಲ್ಲಿಸುತ್ತದೆ. ಬಾಗಿಲಿಗೆ ಬರುತ್ತಿದ್ದದ್ದು ಬರುವುದಿಲ್ಲ. ಕಪಾಟಿನ ಮೇಲೆ ಮಲಗುತ್ತಿದ್ದದ್ದು ಮಂಚದ ಕೆಳಗೆ ಸೇರುತ್ತದೆ. ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ಸೊಂಟದ ಬಳಿ ರೋಮ ಗಂಟುಗಟ್ಟುತ್ತದೆ. ವ್ಯತಿರಿಕ್ತವೂ ಉಂಟು: ಒಂದೇ ಜಾಗವನ್ನು ಬೋಳಾಗುವಷ್ಟು ನೆಕ್ಕುತ್ತಿದ್ದರೆ ಚರ್ಮದ ತುರಿಕೆ ಇರಬಹುದು, ಕೆಳಹೊಟ್ಟೆಯಾದರೆ ಮೂತ್ರಕೋಶದ ನೋವನ್ನೂ ಸಂಶಯಿಸಬೇಕು.

ತೂಕ ಮರೆಯಬೇಡಿ. 4 ಕೆ.ಜಿ. ಬೆಕ್ಕು 400 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು 60 ಕೆ.ಜಿ. ಮನುಷ್ಯ 6 ಕೆ.ಜಿ. ಇಳಿದಷ್ಟು. ಮನೆಯ ತೂಕದ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು, ಕಳೆಯುವುದು ಸುಲಭ. ತಿಂಗಳಿಗೊಮ್ಮೆ ಬರೆದಿಡಲು ಮನೆಯವರಿಗೆ ಹೇಳಿ.

ನೋವಿನ ಮುಖ

ಗುರ್‌ಗುರ್ ಸದ್ದು ಮಾಡುತ್ತಿದೆ, ಅಂದರೆ ಖುಷಿಯಾಗಿದೆ ಎಂಬುದು ಅರ್ಧ ಸತ್ಯ. ನೋವಿನಲ್ಲಿರುವ ಬೆಕ್ಕು, ಹೆರುತ್ತಿರುವ ಬೆಕ್ಕು, ಸಾಯುತ್ತಿರುವ ಬೆಕ್ಕು ಕೂಡ ಹಾಗೆ ಗುರುಗುಟ್ಟಬಹುದು. ಸದ್ದನ್ನು ಬಿಟ್ಟು ಮುಖ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ನೋವಿನ ಮಾಪನದಲ್ಲಿ ಐದು ಅಂಶಗಳಿವೆ: ಕಿವಿಗಳ ನಿಲುವು, ಕಣ್ಣು ಕಿರಿದಾಗುವುದು, ಮೂತಿಯ ಬಿಗಿತ, ಮೀಸೆಗಳ ನೇರತೆ, ಭುಜಕ್ಕೆ ಹೋಲಿಸಿದರೆ ತಲೆಯ ಎತ್ತರ. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ನೋವು ನಿವಾರಕದ ಅಗತ್ಯವಿದೆ ಎಂದು ತಿಳಿಯಬೇಕು. ಕಿವಿ ಹೊರಕ್ಕೆ ತಿರುಗಿ ಚಪ್ಪಟೆಯಾಗಿ, ಕಣ್ಣು ಅರೆಮುಚ್ಚಿ, ತಲೆ ಭುಜಕ್ಕಿಂತ ಕೆಳಗಿದ್ದರೆ ಅದು “ನಿದ್ದೆಗಣ್ಣು” ಅಲ್ಲ. ಬೆಕ್ಕು ಎಚ್ಚರವಾಗಿದ್ದು, ಉಣ್ಣದೆ, ಮೈ ನೆಕ್ಕದೆ, ಕೂಗದೆ ಇರುವ ಹೊತ್ತಿನಲ್ಲಿ ಮಾತ್ರ ಅಂಕ ಹಾಕಬೇಕು.

ಮುದಿ ಬೆಕ್ಕುಗಳ ನೋವು ಇನ್ನೂ ಮೌನ. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದ ಒಂದು ಅಮೆರಿಕನ್ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಕೀಲುಗಳ ಸವೆತ ಕಂಡಿತ್ತು. ಅವು ಕುಂಟುವುದು ಅಪರೂಪ. ಹಾರುವ ಮುನ್ನ ಹಿಂಜರಿಯುತ್ತವೆ, ನೆಲದಿಂದ ನೇರ ಕಿಟಕಿಗೆ ಹಾರುತ್ತಿದ್ದದ್ದು ಈಗ ಕುರ್ಚಿಯ ಮೂಲಕ ಹತ್ತುತ್ತವೆ, ಅಂಚು ಎತ್ತರವಿರುವ ಮರಳಿನ ತಟ್ಟೆಯನ್ನು ಬಿಟ್ಟು ಪಕ್ಕದ ನೆಲದಲ್ಲಿ ಮೂತ್ರ ಮಾಡುತ್ತವೆ. “ವಯಸ್ಸಾಯಿತು, ಕೊಳಕಾಗಿದೆ” ಎಂದು ಬೈಸಿಕೊಳ್ಳುವ ಎಷ್ಟೋ ಬೆಕ್ಕುಗಳಿಗೆ ಬೇಕಾಗಿರುವುದು ತಗ್ಗಿನ ತಟ್ಟೆ ಮತ್ತು ವೈದ್ಯರು ಬರೆದ ಔಷಧ.

ಮೂತ್ರ ಕಟ್ಟಿದ ಗಂಡು ಬೆಕ್ಕು

ಈ ಟಿಪ್ಪಣಿಯಲ್ಲಿ ಒಂದೇ ಭಾಗ ಓದುವ ಸಮಯವಿದ್ದರೆ ಇದನ್ನು ಓದಿ. ಮನೆಯವರು ಹೇಳುವ ಕಥೆ ಹೀಗಿರುತ್ತದೆ: “ಬೆಳಗಿನಿಂದ ಮಲಬದ್ಧತೆ, ಹೋಗಿ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ. ಸ್ವಲ್ಪ ಹರಳೆಣ್ಣೆ ಕೊಟ್ಟೆವು.” ಕೇಳಬೇಕಾದ ಪ್ರಶ್ನೆಗಳು ಎರಡು. ಗಂಡೋ ಹೆಣ್ಣೋ? ಮೂತ್ರ ಮಾಡಿದ್ದನ್ನು ಕಣ್ಣಾರೆ ಕಂಡಿದ್ದು ಕೊನೆಗೆ ಯಾವಾಗ?

ಮಲಕ್ಕೆ ತಿಣುಕುವುದಕ್ಕೂ ಮೂತ್ರಕ್ಕೆ ತಿಣುಕುವುದಕ್ಕೂ ಭಂಗಿಯಲ್ಲಿ ಅಂಥ ವ್ಯತ್ಯಾಸವಿಲ್ಲ. ನೋಡುವವರಿಗೆ ಎರಡೂ ಒಂದೇ. ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ಬಹಳ ಕಿರಿದು. ಹರಳಿನ ಪುಡಿ, ಲೋಳೆ, ಊತ, ಸೆಡೆತ ಯಾವುದರಿಂದಲಾದರೂ ಅದು ಮುಚ್ಚಿಹೋಗಬಹುದು. ಹೆಣ್ಣಿನ ನಾಳ ಅಗಲ, ಗಿಡ್ಡ; ಪೂರ್ತಿ ಕಟ್ಟುವುದು ಅಪರೂಪ. ನಾಳ ಮುಚ್ಚಿದ ಮೇಲೆ ಮೂತ್ರಪಿಂಡ ಸೋಸಿದ್ದು ಹೊರಹೋಗಲು ದಾರಿಯಿಲ್ಲ. ರಕ್ತದಲ್ಲಿ ಪೊಟ್ಯಾಷಿಯಂ ಏರುತ್ತದೆ, ಏರಿದ ಪೊಟ್ಯಾಷಿಯಂ ಹೃದಯದ ಬಡಿತವನ್ನು ನಿಧಾನಗೊಳಿಸಿ ಕೊನೆಗೆ ನಿಲ್ಲಿಸುತ್ತದೆ. ಪೂರ್ತಿ ಕಟ್ಟಿದ ಬೆಕ್ಕು ಒಂದೆರಡು ದಿನಗಳಲ್ಲಿ ಸಾಯಬಹುದು.

ಮೊದಲು ಪದೇ ಪದೇ ತಟ್ಟೆಗೆ ಓಡಾಟ, ಜನನಾಂಗ ನೆಕ್ಕುವುದು, ಹನಿ ಹನಿ ಕೆಂಪು ಮೂತ್ರ ಅಥವಾ ಅದೂ ಇಲ್ಲ. ಆಮೇಲೆ ವಾಂತಿ, ಆಹಾರ ಮುಟ್ಟದಿರುವುದು. ಆಮೇಲೆ ಬೆಕ್ಕು ಕೂಗುವುದನ್ನು ನಿಲ್ಲಿಸಿ ತಣ್ಣಗೆ ಮಲಗುತ್ತದೆ. ಮನೆಯವರಿಗೆ ಈ ಕೊನೆಯ ಹಂತವೇ ಸುಧಾರಣೆಯಂತೆ ಕಾಣುತ್ತದೆ. “ನಿನ್ನೆ ತುಂಬಾ ಕೂಗುತ್ತಿತ್ತು, ಇವತ್ತು ಪರವಾಗಿಲ್ಲ, ಸುಮ್ಮನಿದೆ” ಎಂಬ ಮಾತು ಕೇಳಿದ ಕೂಡಲೇ ನಾವು ಕುರ್ಚಿಯಿಂದ ಏಳಬೇಕು. ಮುಟ್ಟಿ ನೋಡಿದರೆ ಕೆಳಹೊಟ್ಟೆಯಲ್ಲಿ ಮೂತ್ರಕೋಶ ಕಾಯಿ ನಿಂಬೆಯಂತೆ ಗಟ್ಟಿಯಾಗಿ ಸಿಗುತ್ತದೆ. ಬೆರಳು ತಾಕಿಸಿದರೆ ಸಾಕು, ಒತ್ತಬೇಡಿ, ಒಡೆಯಬಹುದು.

ಮನೆಮದ್ದಿನ ವಿಷಯ ಇಲ್ಲಿ ಹೇಳಲೇಬೇಕು. ನಮ್ಮ ಮನೆಗಳಲ್ಲಿ ಉರಿಮೂತ್ರ ಎಂದರೆ ಎಳನೀರು, ಬಾರ್ಲಿ ನೀರು. ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳ. ಕಟ್ಟಿಕೊಂಡ ಬೆಕ್ಕಿನ ರಕ್ತದಲ್ಲಿ ಈಗಾಗಲೇ ಹೆಚ್ಚಿರುವುದೂ ಅದೇ. ಬಾರ್ಲಿ ನೀರು ತುಂಬಿದ ಚೀಲಕ್ಕೆ ಇನ್ನಷ್ಟು ತುಂಬಿಸುತ್ತದೆ. ಇದಕ್ಕೆ ಚಿಕಿತ್ಸೆ ಅರಿವಳಿಕೆ ಕೊಟ್ಟು ನಾಳಕ್ಕೆ ಕ್ಯಾತಿಟರ್ ಎಂಬ ತೆಳು ಕೊಳವೆ ಹಾಕುವುದು, ರಕ್ತನಾಳದ ಮೂಲಕ ದ್ರವ ಕೊಡುವುದು; ಅದು ಆಸ್ಪತ್ರೆಯಲ್ಲಿ ಮಾತ್ರ. ರಾತ್ರಿಯಾದರೂ ಕಳುಹಿಸಿ.

ಉಪವಾಸ ಔಷಧವಲ್ಲ

“ಲಂಘನಂ ಪರಮೌಷಧಂ” ಬೆಕ್ಕಿಗೆ ಅನ್ವಯಿಸುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಬಂದು ತುಂಬಿಕೊಂಡು ಯಕೃತ್ತೇ ಕೆಡುತ್ತದೆ, ಕಾಮಾಲೆ ಬರುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. “ಮೈಯಲ್ಲಿ ಶಕ್ತಿ ಇದೆ, ತಡೆದುಕೊಳ್ಳುತ್ತದೆ” ಎಂಬುದು ಇಲ್ಲಿ ತಲೆಕೆಳಗು. ಇಡೀ ಒಂದು ದಿನ ಏನೂ ತಿನ್ನದ ದೊಡ್ಡ ಬೆಕ್ಕನ್ನು ವೈದ್ಯರಿಗೆ ತೋರಿಸಬೇಕು, ಮರಿಯಾದರೆ ಅಷ್ಟೂ ಕಾಯಬಾರದು. ಮೀನಿನ ವಾಸನೆ ಹಿಡಿದು ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿಕೊಂಡು ಹಿಂದೆ ಸರಿದರೆ ವಾಕರಿಕೆ ಅಥವಾ ಹಲ್ಲುನೋವು ಇರಬಹುದು. ಬಟ್ಟಲಿನ ಕಡೆಗೇ ತಿರುಗದಿದ್ದರೆ ಹಸಿವೆಯೇ ಹೋಗಿದೆ. ಈ ವ್ಯತ್ಯಾಸವನ್ನು ಬರೆದುಕೊಳ್ಳಿ. ಹಾಲು ಹಾಕಿ ಸಮಾಧಾನಪಡಬೇಡಿ, ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗುವುದಿಲ್ಲ.

ಲಸಿಕೆ ಹಾಕಿಸದ ಮರಿ ವಾಂತಿ ಮಾಡುತ್ತಾ, ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕುಡಿಯದೆ ಕೂತಿದ್ದರೆ ಪ್ಯಾನ್‌ಲ್ಯೂಕೋಪೀನಿಯಾ (ಬೆಕ್ಕುಗಳ ಪಾರ್ವೊ ವೈರಸ್ ರೋಗ) ನೆನಪಿರಲಿ. ಅದರ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮನೆಗೆ ಬೇರೆ ಮರಿ ತರುವುದನ್ನು ತಡೆಯಿರಿ.

ಉಸಿರು

ಮಲಗಿರುವಾಗ ಎದೆಯ ಏರಿಳಿತ ಎಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. 40 ದಾಟಿದರೆ ತಡಮಾಡುವಂತಿಲ್ಲ. ನಾಯಿ ಬಾಯಿ ತೆರೆದು ಏದುವುದು ಸಹಜ, ಬೆಕ್ಕು ಹಾಗೆ ಮಾಡುವುದು ಸಹಜವಲ್ಲ. ವಿಶ್ರಾಂತಿಯಲ್ಲಿರುವ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದು ತುರ್ತು. ಅಂಥ ಬೆಕ್ಕನ್ನು ಹಿಡಿದು, ಮಲಗಿಸಿ, ಒಸಡು ನೋಡಿ, ಜ್ವರ ಅಳೆದು ಎಂದು ನಮ್ಮ ಪಾಠದ ಕ್ರಮ ಪಾಲಿಸಹೋದರೆ ಮೇಜಿನ ಮೇಲೆಯೇ ಸಾಯಬಹುದು. ಮೊದಲು ಆಮ್ಲಜನಕ ಮತ್ತು ಏಕಾಂತ. ಕತ್ತು ಚಾಚಿ, ನೆಲಕ್ಕೆ ಕುಗ್ಗಿ ಕೆಮ್ಮುವುದನ್ನು “ಕೂದಲುಂಡೆ ಸಿಕ್ಕಿದೆ” ಎನ್ನುತ್ತಾರೆ. ಏನೂ ಹೊರಬಾರದೆ ಪದೇ ಪದೇ ಹೀಗಾದರೆ ಆಸ್ತಮಾ ಇರಬಹುದು.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಹಿಂಗಾಲು ಇದ್ದಕ್ಕಿದ್ದಂತೆ ಸೋತು, ಪಾದ ತಣ್ಣಗಾಗಿ, ಬೆಕ್ಕು ಚೀರುತ್ತಿದ್ದರೆ ಹೃದಯದ ಕಾಯಿಲೆಯಿಂದ ಹೆಪ್ಪುಗಟ್ಟಿದ ರಕ್ತ ಕಾಲಿನ ರಕ್ತನಾಳಕ್ಕೆ ಸಿಕ್ಕಿರಬಹುದು. ಬಿದ್ದ ಪೆಟ್ಟು ಎಂದು ಎಣ್ಣೆ ಹಚ್ಚುತ್ತಾ ಕೂರಬಾರದು. ಕಣ್ಣಿನ ಪಾಪೆ ಅಗಲವಾಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಿರುವ ಮುದಿ ಬೆಕ್ಕಿನ ರಕ್ತದೊತ್ತಡ ಅಳೆಸಿ. ಚೆನ್ನಾಗಿ ತಿಂದೂ ಸೊರಗುತ್ತಾ, ರಾತ್ರಿ ಕೂಗುತ್ತಾ ತಿರುಗುವ ಮುದಿ ಬೆಕ್ಕಿಗೆ ಥೈರಾಯ್ಡ್ ಪರೀಕ್ಷೆ ಬೇಕು. ಸೆಳವು ಬಂದರೆ ಬಾಯಿಗೆ ಕೈ, ಚಮಚ, ಈರುಳ್ಳಿ ಯಾವುದೂ ಬೇಡ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಪ್ರಾಣಾಪಾಯ.

ಎಲ್ಲ ಕೂಗಾಟವೂ ಕಾಯಿಲೆಯಲ್ಲ ಎಂಬುದೂ ಇರಲಿ. ಶಸ್ತ್ರಚಿಕಿತ್ಸೆ ಮಾಡಿಸದ ಎಳೆಯ ಹೆಣ್ಣು ಬೆಕ್ಕು ನೆಲದಲ್ಲಿ ಹೊರಳಾಡಿ, ಸೊಂಟ ಎತ್ತಿ, ಆರ್ತಸ್ವರದಲ್ಲಿ ಕೂಗುತ್ತಿದ್ದು ಮಿಕ್ಕಂತೆ ಚೂಟಿಯಾಗಿದ್ದರೆ ಬೆದೆಗೆ ಬಂದಿದೆ, ಅಷ್ಟೇ. ಹೊಟ್ಟೆನೋವೆಂದು ಗಾಬರಿಯಾಗಿ ಓಡಿ ಬರುವವರನ್ನು ನೋಡಿ ನಗಬೇಡಿ, ನೋಡಲು ನಿಜಕ್ಕೂ ಹಾಗೆಯೇ ಇರುತ್ತದೆ.

ಮನೆಯೊಳಗಿನ ವಿಷ

ನಡವಳಿಕೆ ಕೆಲವೇ ಗಂಟೆಗಳಲ್ಲಿ ಬದಲಾದರೆ ಏನು ಕೊಟ್ಟಿರಿ ಎಂದು ಕೇಳಿ. ಬೈಯುವ ದನಿಯಲ್ಲಿ ಕೇಳಿದರೆ ಯಾರೂ ಹೇಳುವುದಿಲ್ಲ. ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದು ನಮ್ಮಲ್ಲಿ ಸಾಮಾನ್ಯ. ಆ ಔಷಧವನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ಕೆಲಸ ಮಾಡುವುದಿಲ್ಲ. 500 ಮಿ.ಗ್ರಾಂ ಮಾತ್ರೆ 60 ಕೆ.ಜಿ. ಮನುಷ್ಯನಿಗೆ ಕೆ.ಜಿ.ಗೆ ಸುಮಾರು 8 ಮಿ.ಗ್ರಾಂ, 4 ಕೆ.ಜಿ. ಬೆಕ್ಕಿಗೆ 125. ಒಂದೇ ಮಾತ್ರೆ ಕೊಲ್ಲಬಲ್ಲದು. ಒಸಡು ಕಂದು ಅಥವಾ ನೀಲಿ, ಮುಖ ಮತ್ತು ಪಾದಗಳ ಊತ, ಏದುಸಿರು ಇದರ ಗುರುತು. ಇದಕ್ಕೆ ಪ್ರತಿವಿಷವಿದೆ, ಅಸಿಟೈಲ್‌ಸಿಸ್ಟೀನ್. ಬೇಗ ಬಂದರೆ ಮಾತ್ರ ಉಪಯೋಗ. ನಾಯಿಯ ಮೈಮೇಲಿನ ಉಣ್ಣೆ ಹುಳುವಿಗೆಂದು ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ನಡುಕ, ಸೆಳವು.

ಹೂ ಕಟ್ಟುವ ದಾರವೂ ಈ ಪಟ್ಟಿಗೆ ಸೇರುತ್ತದೆ. ಅದರೊಂದಿಗೆ ಆಡುತ್ತಾ ನುಂಗಿದ ಬೆಕ್ಕಿನ ನಾಲಗೆಯ ಬುಡಕ್ಕೆ ದಾರ ಸುತ್ತಿಕೊಂಡು, ಇನ್ನೊಂದು ತುದಿ ಕರುಳಿನೊಳಗೆ ಇಳಿದಿರುತ್ತದೆ. ಜೊಲ್ಲು, ವಾಂತಿ, ಮಂಕು ಇದ್ದರೆ ನಾಲಗೆಯ ಕೆಳಗೆ ನೋಡಿ. ದಾರ ಬಾಯಲ್ಲಿ ಕಂಡರೂ, ಹಿಂದೆ ನೇತಾಡಿದರೂ ಎಳೆಯಬೇಡಿ. ಬಿಗಿದ ದಾರ ಕರುಳನ್ನು ಸೀಳುತ್ತದೆ.

ಕಚ್ಚುವ ಬೆಕ್ಕು

ಸಾಧು ಬೆಕ್ಕು ಸೊಂಟ ಮುಟ್ಟಿದರೆ ಮಾತ್ರ ಕಚ್ಚುತ್ತದೆ ಎಂದರೆ ಅದು ನೋವಿನ ಜಾಗದ ವಿಳಾಸ. ಯಾರೂ ಮುಟ್ಟದೆ ಮೇಲೆ ಬಿದ್ದು ಕಚ್ಚುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ, ನಡಿಗೆ ತೂರಾಡುತ್ತಿದ್ದರೆ ರೇಬೀಸ್ ಎಂದೇ ಭಾವಿಸಿ ನಡೆದುಕೊಳ್ಳಬೇಕು. ಲಸಿಕೆಯಾಗದ, ಬೀದಿಗೆ ಹೋಗುವ ಬೆಕ್ಕಾದರೆ ಮತ್ತೂ ಹೆಚ್ಚು. ಬಾಯಿಗೆ ಔಷಧ ಹಾಕಹೋಗಬೇಡಿ, ಕೋಣೆಯ ಬಾಗಿಲು ಮುಚ್ಚಿ ವೈದ್ಯರಿಗೆ ತಿಳಿಸಿ. ಕಚ್ಚಿಸಿಕೊಂಡವರು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ಬೆಕ್ಕನ್ನು ಹತ್ತು ದಿನ ನಿಗಾದಲ್ಲಿಡುತ್ತಾರೆ ನಿಜ, ಆದರೆ ಆ ಹತ್ತು ದಿನ ಲಸಿಕೆಗೆ ಕಾಯುವ ಅವಧಿಯಲ್ಲ.

ತರುವುದು, ಹಿಡಿಯುವುದು, ಬರೆಯುವುದು

ಬೆಕ್ಕನ್ನು ತೋಳಲ್ಲಿ ಎತ್ತಿಕೊಂಡು ಬಸ್ಸಿನಲ್ಲಿ ಬರಬೇಡಿ ಎಂದು ಹೇಳಿ. ಮೇಲಿನಿಂದ ತೆರೆಯುವ ಬುಟ್ಟಿ, ಒಳಗೆ ಅದರದೇ ವಾಸನೆಯ ಹಳೆಯ ಬಟ್ಟೆ, ಮೇಲೆ ಟವೆಲ್ ಮುಚ್ಚಿಗೆ. ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನಾಯಿಗಳ ನಡುವೆ ನೆಲದ ಮೇಲೆ ಇಡದೆ ಎತ್ತರದ ಬೆಂಚಿನ ಮೇಲೆ ಇಡಿಸಿ. ಕುತ್ತಿಗೆಯ ಚರ್ಮ ಹಿಡಿದು ಎತ್ತುವ ಹಳೆಯ ಪದ್ಧತಿಯನ್ನು ಈಗಿನ ಮಾರ್ಗಸೂಚಿಗಳು ಬೇಡವೆನ್ನುತ್ತವೆ. ಟವೆಲ್‌ನಲ್ಲಿ ಸುತ್ತಿ, ಬುಟ್ಟಿಯ ತಳದಲ್ಲಿ ಕೂತಿರುವಂತೆಯೇ ಪರೀಕ್ಷಿಸಿದರೆ ಸಾಕಷ್ಟು ಕೆಲಸ ಮುಗಿಯುತ್ತದೆ. ಗುದದ ಉಷ್ಣತೆ 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಸಹಜ. ಹೆದರಿದ ಬೆಕ್ಕಿನಲ್ಲಿ ಸ್ವಲ್ಪ ಏರಿರುತ್ತದೆ. ಒಸಡು ತಿಳಿಗುಲಾಬಿ ಇರಬೇಕು, ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು.

ಕೇಸ್ ಶೀಟಿನಲ್ಲಿ “ಮಂಕಾಗಿದೆ” ಎಂದು ಬರೆಯುವುದನ್ನು ನಾವೆಲ್ಲ ಬಿಡಬೇಕು. “ನಿನ್ನೆ ಸಂಜೆಯಿಂದ ತಿಂದಿಲ್ಲ, ಇವತ್ತು ಬೆಳಿಗ್ಗೆ ಮೂತ್ರ ಕಂಡಿಲ್ಲ, ಎರಡು ಬಾರಿ ವಾಂತಿ, ಸ್ನಾನದ ಮನೆಯ ಮೂಲೆಯಲ್ಲಿ ಮಲಗಿದೆ” ಎಂದು ಬರೆದರೆ ವೈದ್ಯರು ಓದುತ್ತಲೇ ಅರ್ಧ ದಾರಿ ಕ್ರಮಿಸಿರುತ್ತಾರೆ. ಮೇಜಿನ ಮೇಲೆ ಹೆದರಿ ಹೆಪ್ಪುಗಟ್ಟಿ ಕೂತ ಬೆಕ್ಕು ಕುಂಟುವುದಿಲ್ಲ, ಕೆಮ್ಮುವುದಿಲ್ಲ, ತಿಣುಕುವುದಿಲ್ಲ. ಆದ್ದರಿಂದ ಮನೆಯಿಂದ ಹೊರಡುವ ಮುನ್ನ ಅದರ ವರ್ತನೆಯನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ಚಿತ್ರಿಸಿಕೊಂಡು ಬರಲು ಫೋನಿನಲ್ಲೇ ಹೇಳಿಬಿಡಿ. ಉಸಿರಾಟದ ತೊಂದರೆ ಇದ್ದರೆ ಮಾತ್ರ ಅದಕ್ಕೂ ನಿಲ್ಲದೆ ಹೊರಡಲಿ.