ಪಾವಗಡದ ಬಿಸಿಲು, ತಂತಿ ಕೆಳಗಿನ ಹೊಲ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿ ಸುತ್ತಮುತ್ತಲ ಐದು ಊರುಗಳ ಸುಮಾರು 13,000 ಎಕರೆ ತುಂಬ ಈಗ ಸೋಲಾರ್ ಪ್ಯಾನೆಲ್‌ಗಳಿವೆ. ಒಟ್ಟು ಸಾಮರ್ಥ್ಯ 2,050 ಮೆಗಾವ್ಯಾಟ್. ಈ ಜಾಗವನ್ನು ಸುಮ್ನೆ ಆರಿಸಿದ್ದಲ್ಲ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಕಡಲೆಕಾಯಿ ಬಿತ್ತಿದವರಿಗೆ ಬೆಳೆ ಕೈಗೆ ಸಿಗುತ್ತದೆ ಅನ್ನೋ ಭರವಸೆ ಇರಲಿಲ್ಲ.

ಇಲ್ಲಿ ಸರ್ಕಾರ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ನನಗೆ ತುಂಬಾ ಹಿಡಿಸಿದ್ದು ಇದೇ. ಅವಧಿ 28 ವರ್ಷ. ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರುತ್ತದೆ. ಪಹಣಿ ರೈತರ ಹೆಸರಿನಲ್ಲೇ ಉಳಿಯಿತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯೇ ಇಲ್ಲ. ಹಾಗಾಗಿ ಬಾಡಿಗೆಯೂ ಇಲ್ಲ. ಯೋಜನೆಯ ನಕ್ಷೆಯಲ್ಲಿ ಸರ್ವೆ ನಂಬರ್ ಕಾಣುತ್ತದೆ, ಕುರಿ ನಡೆಯುವ ದಾರಿ ಕಾಣುವುದಿಲ್ಲ.

ಇಷ್ಟಾದರೂ ಇದು ಅರ್ಧ ಕೆಲಸ ಮಾತ್ರ. ಪಾವಗಡದಲ್ಲಿ ಹುಟ್ಟಿದ ಕರೆಂಟು ಬಳಸುವವರ ಹತ್ತಿರ ಹೋಗಬೇಕಲ್ವಾ? ತಂತಿಯಲ್ಲಿ ಕರೆಂಟು ಹರಿದಾಗ ಒಂದಷ್ಟು ಶಾಖವಾಗಿ ಸೋರಿಹೋಗುತ್ತದೆ. ವೋಲ್ಟೇಜ್ ಎರಡು ಪಟ್ಟಾದರೆ, ಅಷ್ಟೇ ವಿದ್ಯುತ್ ಸಾಗಿಸಲು ತಂತಿಯಲ್ಲಿ ಹರಿಯುವ ಪ್ರವಾಹ (ಆಂಪಿಯರ್) ಅರ್ಧ ಸಾಕು. ಸೋರಿಕೆ ಪ್ರವಾಹದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ಅದೇ ತಂತಿಯಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಸೋಲಾರ್ ಪಾರ್ಕಿನೊಳಗೆ 220 ಕೆವಿಗೆ (ಒಂದು ಕೆವಿ ಅಂದರೆ ಸಾವಿರ ವೋಲ್ಟ್) ಏರಿಸಿ, ಅಲ್ಲಿಂದ 400 ಕೆವಿ ಗ್ರಿಡ್‌ಗೆ ಸೇರಿಸುತ್ತಾರೆ.

ಆ 400 ಕೆವಿ ಲೈನ್ ಹೋಗುವ ದಾರಿಯನ್ನು ಸ್ವಲ್ಪ ನೋಡಿ. ಅದರ ಕೆಳಗೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬಿಡಬೇಕು. ಜಮೀನು ರೈತರದೇ. ರಾಗಿ, ಕಡಲೆಕಾಯಿ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ತೆಂಗು ಬೆಳೆಸುವಂತಿಲ್ಲ. ತೆಂಗನ್ನೇ ನಂಬಿದ ತುಮಕೂರಿನಂಥ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಲೈನ್ ಎಳೆಯಲು ಕಾನೂನಿನ ಬಲ ಬಂದದ್ದು 1885ರ ಟೆಲಿಗ್ರಾಫ್ ಕಾಯ್ದೆಯಿಂದ. ಪರಿಹಾರ ಈಚೆಗೆ ಸುಧಾರಿಸಿದೆ. ಕೇಂದ್ರದ 2024ರ ಮಾರ್ಗಸೂಚಿಯಂತೆ ಟವರ್ ನಿಂತ ಜಾಗಕ್ಕೆ ಜಮೀನಿನ ಬೆಲೆಯ ಎರಡು ಪಟ್ಟು, ತಂತಿ ಕೆಳಗಿನ ಪಟ್ಟಿಗೆ ಬೆಲೆಯ ಶೇಕಡ 30. ಮೊದಲು ಈ ಪಟ್ಟಿಗೆ ಹೆಚ್ಚೆಂದರೆ ಶೇಕಡ 15 ಸಿಗುತ್ತಿತ್ತು.

ಇನ್ನೊಂದು ತೊಡಕು ಸಮಯದ್ದು. ಸೋಲಾರ್ ಪಾರ್ಕ್ ಬೇಗ ಏಳುತ್ತದೆ. ಲೈನ್ ಮಾತ್ರ ಹೊಲದಿಂದ ಹೊಲಕ್ಕೆ ತಕರಾರು ಬಗೆಹರಿಸಿಕೊಂಡೇ ಸಾಗಬೇಕು. ಅಮೆರಿಕದ ಟೆಕ್ಸಾಸ್ ಇದನ್ನು ತಿರುಗಿಸಿ ಮಾಡಿತು. 2005ರಲ್ಲಿ ಕಾನೂನು ತಂದು, ಗಾಳಿ ಚೆನ್ನಾಗಿರುವ ಐದು ವಲಯಗಳನ್ನು ಗುರುತಿಸಿ, ಗಾಳಿಯಂತ್ರ ಕಂಪನಿಗಳು ಬರುವವರೆಗೆ ಕಾಯದೆ ಲೈನ್‌ಗಳನ್ನು ಯೋಜಿಸಿತು. ಸುಮಾರು 5,800 ಕಿ.ಮೀ. ಲೈನ್ 2013ರ ಕೊನೆಯ ಹೊತ್ತಿಗೆ ಮುಗಿಯಿತು. 18,500 ಮೆಗಾವ್ಯಾಟ್ ಹೊರುವ ಲೆಕ್ಕಾಚಾರ ಅದು. ನಮ್ಮಲ್ಲೂ ಲೈನ್ ಮೊದಲು ಬರಬೇಕು.

ಲೈನ್ ಕಡಿಮೆ ಎಳೆಯುವ ದಾರಿಯೂ ಇದೆ. ಸೋಲಾರ್ ಲೈನ್ ಸಂಜೆ ಮೇಲೆ ಖಾಲಿ. ಚಿತ್ರದುರ್ಗ, ಗದಗ ಕಡೆ ಮುಂಗಾರಿನ ಗಾಳಿ ರಾತ್ರಿಯೂ ಬೀಸುತ್ತದೆ. ಗಾಳಿಯಂತ್ರ, ಸೋಲಾರ್ ಎರಡೂ ಒಂದೇ ಸಬ್‌ಸ್ಟೇಷನ್‌ಗೆ ಸೇರುವಂತೆ ಜಾಗ ಆರಿಸಿದರೆ ಅದೇ ತಂತಿ ಹಗಲೂ ರಾತ್ರಿಯೂ ದುಡಿಯುತ್ತದೆ. ಅಷ್ಟು ಹೊಲಗಳು ಉಳಿಯುತ್ತವೆ.

ಉಳಿದಿರುವುದು ಬಾಡಿಗೆಯ ಪ್ರಶ್ನೆ. ಪ್ಯಾನೆಲ್ ಕೆಳಗೆ ಜಮೀನು ಕೊಟ್ಟವರಿಗೆ ವರ್ಷ ವರ್ಷ ದುಡ್ಡು ಬರುತ್ತದೆ. ತಂತಿ ಕೆಳಗೆ ಜಮೀನು ಇರುವವರಿಗೆ ಒಂದೇ ಸಲ, ಅಲ್ಲಿಗೆ ಮುಗೀತು. ಲೈನ್ ಮಾತ್ರ ದಶಕಗಟ್ಟಲೆ ಅಲ್ಲೇ ಇರುತ್ತದೆ. ಪಾವಗಡದ ಗುತ್ತಿಗೆಯನ್ನು ಆ 46 ಮೀಟರ್ ಪಟ್ಟಿಗೂ ವಿಸ್ತರಿಸಬೇಕು ಅನ್ನುವುದು ನನ್ನ ವಾದ. ಆ ಬಾಡಿಗೆಯಲ್ಲಿ ಒಂದು ಪಾಲನ್ನು ಪಹಣಿ ಇಲ್ಲದ ಮನೆಗಳಿಗೆ ತೆಗೆದಿಡಬೇಕು.