ಲಿಬೆರ್ಟುಸ್: ಅಪ್ಪನ ಜಾಗದಲ್ಲಿ ಧಣಿಯ ಹೆಸರು

ರೋಮನ್ನರ ಸಮಾಧಿ ಕಲ್ಲಿನಲ್ಲಿ ಹೆಸರಿನ ನಡುವೆ ಒಂಟಿ ‘ಎಲ್’ ಅಕ್ಷರ ಕಂಡರೆ ಅಲ್ಲಿ ಸ್ವಲ್ಪ ನಿಂತು ಓದಬೇಕು. ಅದು ‘ಲಿಬೆರ್ಟುಸ್’ ಎಂಬುದರ ಮೊಟಕು ರೂಪ. ಹೆಂಗಸಾದರೆ ‘ಲಿಬೆರ್ಟಾ’. ಧಣಿಯಿಂದ ಬಿಡುಗಡೆ ಪಡೆದ ಗುಲಾಮ ಎಂದರ್ಥ. ಸ್ವತಂತ್ರನಾಗಿಯೇ ಹುಟ್ಟಿದವನಿಗೆ ಅದೇ ಜಾಗದಲ್ಲಿ ‘ಎಫ್’ ಇರುತ್ತದೆ, ‘ಫಿಲಿಯುಸ್’, ಅಂದರೆ ಇಂಥವನ ಮಗ. ಗುಲಾಮನಿಗೆ ಕಾನೂನಿನ ಲೆಕ್ಕದಲ್ಲಿ ಅಪ್ಪನೇ ಇಲ್ಲ. ಹಾಗಾಗಿ ಬಿಡುಗಡೆಯಾದ ಮೇಲೂ ಅಪ್ಪನ ಹೆಸರು ಬರಬೇಕಾದ ಕಡೆ ಹಳೆಯ ಧಣಿಯ ಹೆಸರು ಬಂದು ಕೂರುತ್ತಿತ್ತು. ಬಿಡಿಸಿದ್ದು ಒಡತಿಯಾದರೆ ಅವಳ ಹೆಸರಿನ ಬದಲು ‘ಸಿ’ ಅಕ್ಷರವನ್ನು ಹಿಂದುಮುಂದಾಗಿ ಕೆತ್ತುತ್ತಿದ್ದರು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿ.ಪೂ. 80ರ ಸುಮಾರಿನ ಒಂದು ಕಲ್ಲಿದೆ. ರೋಮಿನ ವಿಮಿನಾಲ್ ಗುಡ್ಡದ ಕಟುಕ ಲೂಸಿಯುಸ್ ಆರೇಲಿಯುಸ್ ಹೆರ್ಮಿಯಾ ಮತ್ತು ಅವನ ಹೆಂಡತಿ ಆರೇಲಿಯಾ ಫಿಲೆಮಾಟಿಯುಂ ಎದುರುಬದುರಾಗಿ ನಿಂತಿದ್ದಾರೆ. ಅವನ ಹೆಸರಿನಲ್ಲಿ ‘ಲೂಸಿಯುಸನ ಲಿಬೆರ್ಟುಸ್’, ಅವಳದರಲ್ಲಿ ‘ಲೂಸಿಯುಸನ ಲಿಬೆರ್ಟಾ’ ಎಂಬ ಗುರುತು ಇದೆ. ‘ಆರೇಲಿಯುಸ್’ ಧಣಿಯ ಮನೆತನದ್ದು. ಗುಲಾಮಗಿರಿಯ ಕಾಲದಿಂದ ಉಳಿದು ಬಂದದ್ದು ಕೊನೆಯ ಗ್ರೀಕ್ ಹೆಸರು ಮಾತ್ರ. ಫಿಲೆಮಾಟಿಯುಂ ಎಂದರೆ ‘ಪುಟ್ಟ ಮುತ್ತು’, ಕೆನ್ನೆಗೆ ಕೊಡುವ ಮುತ್ತು. ಶಿಲ್ಪದಲ್ಲಿ ಅವಳು ಗಂಡನ ಕೈಯನ್ನು ತುಟಿಗೆ ಎತ್ತಿಕೊಂಡಿದ್ದಾಳೆ. ಶಿಲ್ಪಿ ಬೇಕೆಂದೇ ಹಾಗೆ ಮಾಡಿರಬೇಕು. ಏಳು ವರ್ಷದವಳಿದ್ದಾಗಲೇ ಇವನು ನನ್ನನ್ನು ಮಡಿಲಿಗೆ ಹಾಕಿಕೊಂಡ ಎಂದು ಪಕ್ಕದ ಪದ್ಯದಲ್ಲಿ ಅವಳೇ ಹೇಳುತ್ತಾಳೆ. ಓದುವಾಗ ಮನಸ್ಸು ಸ್ವಲ್ಪ ಮುದುಡುತ್ತದೆ.

‘ಎಲ್’ ಇಲ್ಲದ ಕಲ್ಲುಗಳೂ ಉಂಟು. ರೋಮಿನ ಪೋರ್ಟಾ ಮಜ್ಜೋರೆ ಹೆಬ್ಬಾಗಿಲ ಬಳಿ ಬೇಕರಿಯವ ಎವ್ರಿಸಾಕೆಸ್ ಕಟ್ಟಿಸಿದ ಸಮಾಧಿಯ ಮೇಲೆ ಹಿಟ್ಟು ಬೀಸುವುದರಿಂದ ರೊಟ್ಟಿ ತೂಗುವವರೆಗೆ ಇಡೀ ಕಸುಬನ್ನೇ ಕೆತ್ತಿದ್ದಾರೆ. ಹೆಸರು ಗ್ರೀಕ್, ಅಪ್ಪನ ಉಲ್ಲೇಖವಿಲ್ಲ. ಇವನೂ ಲಿಬೆರ್ಟುಸನೇ ಇರಬೇಕು ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ವಂಶ ಹೇಳಿಕೊಳ್ಳಲಾಗದವನು ಕಸುಬು ಹೇಳಿಕೊಂಡ.

ಇಂಥ ಕಲ್ಲುಗಳಲ್ಲಿ ಜೊತೆಗೆ ಬರುವ ಇನ್ನೊಂದು ಪದ ‘ಕೊಲೆಗಿಯುಂ’. ನಾವು ‘ಶ್ರೇಣಿ’, ‘ವೃತ್ತಿಸಂಘ’ ಎಂದು ಅನುವಾದಿಸುತ್ತೇವೆ, ಆದರೆ ಪೂರ್ತಿ ಹೊಂದುವುದಿಲ್ಲ. ಒಸ್ತಿಯಾ ಬಂದರಿನ ಬಡಗಿಗಳ ಸಂಘದಂಥವು ಒಂದೇ ಕಸುಬಿನವರವು. ಬರೀ ದೇವರ ಹೆಸರಿನಲ್ಲಿ ಕೂಡಿಕೊಂಡವೂ ಇದ್ದವು. ಒಟ್ಟಿಗೆ ಊಟ, ಪೂಜೆ, ಸತ್ತಾಗ ಮಣ್ಣು ಮಾಡುವುದು ಅಲ್ಲಿನ ಮುಖ್ಯ ವ್ಯವಹಾರ.

ಲನುವಿಯುಂ ಊರಿನ ಡಯಾನಾ ದೇವಿ ಮತ್ತು ಸತ್ತ ಮೇಲೆ ದೇವರೆನಿಸಿದ ಅಂಟಿನೋಉಸ್, ಇವರಿಬ್ಬರ ಭಕ್ತರ ಸಂಘದ ನಿಯಮಗಳು ಕ್ರಿ.ಶ. 136ರ ಶಾಸನದಲ್ಲಿ ಉಳಿದಿವೆ. ಸೇರುವಾಗ 100 ಸೆಸ್ಟೆರ್ಸ್ ನಾಣ್ಯ ಮತ್ತು ಒಂದು ಹೂಜಿ ಒಳ್ಳೆಯ ದ್ರಾಕ್ಷಾರಸ, ತಿಂಗಳಿಗೆ 5 ಆಸ್ (ಸೆಸ್ಟೆರ್ಸಿಗಿಂತ ಚಿಕ್ಕ ನಾಣ್ಯ) ಚಂದಾ. ಸತ್ತರೆ ಅಂತ್ಯಕ್ರಿಯೆಗೆ 300 ಸೆಸ್ಟೆರ್ಸ್. ಅದರಲ್ಲಿ 50 ಚಿತೆಯ ಬಳಿ ನೆರೆದವರಿಗೆ ಹಂಚಲು. ಸದಸ್ಯರಲ್ಲಿ ಗುಲಾಮರೂ ಇದ್ದರು. ಸತ್ತ ಗುಲಾಮನ ಹೆಣವನ್ನು ಧಣಿ ಕೊಡದೆ ಸತಾಯಿಸಿದರೆ ಅವನದೊಂದು ಬೊಂಬೆ ಮಾಡಿ ಅದಕ್ಕೇ ಸಂಸ್ಕಾರ ಮಾಡಬೇಕು. ಬದುಕಿರುವಾಗಲೇ ಬಿಡುಗಡೆ ಸಿಕ್ಕಿತೋ, ಹೊಸ ಲಿಬೆರ್ಟುಸ್ ಸಂಘದವರಿಗೆ ಮತ್ತೊಂದು ಹೂಜಿ ದ್ರಾಕ್ಷಾರಸ ಕೊಡಿಸಬೇಕು.